ತ್ಯಾಂಪಣ್ಣನ ಕಾರ್ಪೆಟ್ಟೂ ಕಿಟ್ಟಣ್ಣನ ತಲೆಯೂ

ತ್ಯಾಂಪಣ್ಣ ತನ್ನ ಹೆಂಡತಿಗೆ ಆ ಮಾತು ಕೊಟ್ಟದ್ದು ಮದುವೆಯ ಮರುದಿನ, ಅರವತ್ತೊಂದನೇ ಇಸವಿಯಲ್ಲಿ, ಪಂಜದ ಹತ್ತಿರದ ಒಂದು ತಿರುವಿನಲ್ಲಿ, ಚರಂಡಿಯ ಬದಿ ನಿಂತುಕೊಂಡು. ಮದುಮಕ್ಕಳನ್ನು ಕಡಬದಿಂದ ಈಶ್ವರಮಂಗಲಕ್ಕೆ ಕರೆತರುತ್ತಿದ್ದ ಜೀಪು ಅದು. ಮುಂದೆ ಡ್ರೈವರನ ಪಕ್ಕದಲ್ಲಿ ಮದುಮಗ ತ್ಯಾಂಪಣ್ಣ, ಅವನಿಗೆ ಒತ್ತಿಕೊಂಡು ಮದುಮಗಳ ಅಣ್ಣ ಸರ್ವೋತ್ತಮ. ಹಿಂದೆ, ಅತ್ತೆ ಚಿಕ್ಕಮ್ಮಂದಿರ ರಾಶಿಯ ನಡುವೆ, ಎಲ್ಲಿದ್ದಾಳೆಂದು ಹುಡುಕಬೇಕಾದ ಹಾಗೆ ಮದುಮಗಳು ದಮಯಂತಿ. ಅವಳಿಗಾಗಿ ಜೀಪು ನಿಂತದ್ದು ಅದು ಮೂರನೆಯ ಸಲ.

"ಕನ್ಯಾಕುಮಾರಿಯಲ್ಲಿ ಸೂರ್ಯ ಸಮುದ್ರದಿಂದ ಮೇಲೆ ಬರುದಂತೆ. ಒಮ್ಮೆ ನೋಡ್ಬೇಕು ಅಂತ ಆಸೆ ಇತ್ತು. ಈ ಹೊಟ್ಟೆ ಕಟ್ಟಿಕೊಂಡು ಪುತ್ತೂರು ಮುಟ್ಟಿದ್ರೆ ಸಾಕು" ಎಂದು ದಮಯಂತಿ ಅತ್ತಳು. ಗಂಡನೊಡನೆ ಅವಳು ಆಡಿದ ಮೊದಲ ಮಾತು ಇದು.

ತ್ಯಾಂಪಣ್ಣ ಜರಿ ಶಾಲನ್ನೇ ಅವಳಿಗೆ ಬಾಯಿ ಒರೆಸಲು ಕೊಟ್ಟು, "ನಾನು ಕರ್ಕೊಂಡು ಹೋಗ್ತೇನೆ. ದಾರಿಯಲ್ಲಿ ಒಂದೇ ಒಂದು ಸಲ ವಾಂತಿ ಆದ್ರೆ ನನ್ನ ಹೆಸರು ತ್ಯಾಂಪ ಅಲ್ಲ" ಎಂದ.

ಜೀಪಿನ ಮುಂದಿನ ಸೀಟಿನಿಂದ ಸರ್ವೋತ್ತಮ, "ಭಾವ, ನಾನು ಕೇಳಿಸಿಕೊಂಡಿದ್ದೇನೆ" ಎಂದು ನಕ್ಕ. ಆ ನಗು ಇಪ್ಪತ್ತೆರಡು ವರ್ಷ ನಿಲ್ಲಲಿಲ್ಲ. ಮಗುವಿನ ತೊಟ್ಟಿಲಿಗೆ ಬಂದಾಗ, ಮನೆ ಒಕ್ಕಲಿಗೆ ಬಂದಾಗ, ಹೆಣ್ಣುಮಕ್ಕಳ ಮದುವೆಗೆ ಬಂದಾಗ, ಅವನು ಚಪ್ಪಲಿ ಕಳಚುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಭಾವ, ಕನ್ಯಾಕುಮಾರಿ ಯಾವಾಗ?"

ಮಕ್ಕಳು ಹುಟ್ಟಿದ ಮನೆಯಿಂದ ಕನ್ಯಾಕುಮಾರಿ ವರ್ಷಕ್ಕಿಷ್ಟು ದೂರ ಸರಿಯುತ್ತಲೇ ಹೋಗುತ್ತದೆ. ಒಂದು ವರ್ಷ ಶಾಲೆ, ಒಂದು ವರ್ಷ ಮಂಗನಬಾವು, ಒಂದು ವರ್ಷ ಬಾವಿಗೆ ಪಂಪು. ಕೊನೆಗೆ ಕಿರಿಯವಳನ್ನೂ ಮದುವೆ ಮಾಡಿ ಕಳುಹಿಸಿ, ತ್ಯಾಂಪಣ್ಣ ಎಂಬತ್ತಮೂರರ ದೀಪಾವಳಿ ಕಳೆದ ಮೇಲೆ ಪುತ್ತೂರಿಗೆ ಹೋದವನು ಒಂದು ಮಟಾಡೋರ್ ವ್ಯಾನು ಬಿಟ್ಟುಕೊಂಡು ಬಂದ. ಹಿಂದೆ ಅದು ಬೇಕರಿಯವರದ್ದು. ಬಾಗಿಲು ತೆಗೆದರೆ ಈಗಲೂ ರಸ್ಕಿನ ಪರಿಮಳ. ಓಡುವಾಗ ಮಾತ್ರ ತಗಡಿನ ಡಬ್ಬಿಗೆ ಹುಣಸೆಬೀಜ ಹಾಕಿ ಕುಲುಕಿದ ಸದ್ದು.

"ಇದರಲ್ಲಿ ನೀನು ಮಲಗಿಕೊಂಡೇ ಬರುದು" ಎಂದ ತ್ಯಾಂಪಣ್ಣ.

"ಇದರ ಸದ್ದಿಗೇ ನನಗೆ ಹೊಟ್ಟೆ ತೊಳೆಸ್ತದೆ" ಎಂದಳು ದಮಯಂತಿ.

ಅಷ್ಟು ಸಾಕಾಯಿತು. ತ್ಯಾಂಪಣ್ಣ ಮೂರು ದಿನ ಯೋಚಿಸಿ ಒಂದು ಸಿದ್ಧಾಂತ ಕಟ್ಟಿದ. ಮನುಷ್ಯನಿಗೆ ವಾಂತಿ ಹೊಟ್ಟೆಯಿಂದ ಬರುವುದಲ್ಲ, ಕಿವಿಯಿಂದ ಬರುವುದು. ಗಡಗಡ ಸದ್ದು ಕಿವಿಯಿಂದ ಇಳಿದು ಹೊಟ್ಟೆಯಲ್ಲಿ ಕೂರುತ್ತದೆ, ಹೊಟ್ಟೆಗೆ ಜಾಗ ಸಾಲುವುದಿಲ್ಲ. ಹಾಗಾಗಿ ಸದ್ದನ್ನು ಹೊರಗೇ ನಿಲ್ಲಿಸಬೇಕು. ವ್ಯಾನಿನ ಒಳಗೆ ನೆಲ, ಗೋಡೆ, ಮಾಡು, ಎಲ್ಲ ಕಡೆ ಕಾರ್ಪೆಟ್ಟು ಅಂಟಿಸಬೇಕು. ಅದನ್ನೂ ತಾನೇ ಮಾಡಬೇಕು. ಕೊಟ್ಟ ಮಾತು ತನ್ನದಾದ ಮೇಲೆ ಅಂಟಿಸುವ ಕೈ ಬೇರೆಯವರದ್ದಾಗಬಾರದು.

ಪುತ್ತೂರಿನ ಶಾಮಿಯಾನದವರು ಹಳೆಯ ಕೆಂಪು ಕಾರ್ಪೆಟ್ಟು ಮಾರಿದರು. ತಾಲೂಕಿನ ಅರ್ಧ ಮದುಮಕ್ಕಳು ನಡೆದ ಕಾರ್ಪೆಟ್ಟು ಅದು. ನಡುವಿನಲ್ಲಿ ಯಾವುದೋ ಮದುವೆಯ ಪಾಯಸ ಚೆಲ್ಲಿದ ದೊಡ್ಡ ಕಲೆ. ಆದರೆ ವ್ಯಾನಿನ ಮೈ ಡೊಂಕು, ಕಾರ್ಪೆಟ್ಟು ಡೊಂಕಿಗೆ ಕೂರುವುದಿಲ್ಲ. ಅಲ್ಲಿ ತ್ಯಾಂಪಣ್ಣನ ಬುದ್ಧಿ ಓಡಿತು. ನೆನೆಸಿದ ಅಡಿಕೆಹಾಳೆ ತಲೆಯ ಆಕಾರಕ್ಕೆ ಬಗ್ಗಿ ಮುಟ್ಟಾಳೆ ಟೊಪ್ಪಿ ಆಗುವುದಾದರೆ, ವ್ಯಾನಿನ ಆಕಾರಕ್ಕೆ ಯಾಕೆ ಬಗ್ಗಬಾರದು? ಹಾಳೆಗಳನ್ನು ತೊಟ್ಟಿಯಲ್ಲಿ ನೆನೆಸಿ, ಒಳಮೈಗೆ ಒತ್ತಿ, ಅದರ ಮೇಲೆ ಕಾರ್ಪೆಟ್ಟು. ಅಂಟಿಗೆ? ಕಡಬದಲ್ಲಿ ಭಾವನ ರಬ್ಬರ್ ತೋಟ ಉಂಟಲ್ಲ.

ಸರ್ವೋತ್ತಮ ರಬ್ಬರ್ ಹಾಲಿನ ಎರಡು ಡಬ್ಬ ಬಸ್ಸಿನಲ್ಲಿ ಕಳುಹಿಸಿ, ಜೊತೆಗೆ ಕಂಡಕ್ಟರನ ಬಾಯಲ್ಲಿ ಹೇಳಿಕಳುಹಿಸಿದ: "ಒಣಗಿದ್ದಕ್ಕೆ ಹಚ್ಚಬೇಕು ಅಂತೆ. ಮತ್ತೆ, ಕನ್ಯಾಕುಮಾರಿ ಯಾವಾಗ ಅಂತ ಕೇಳಿದ್ದಾರೆ."

ಎರಡನೆಯ ಮಾತಿಗೆ ಸಿಟ್ಟು ಬಂದು ಮೊದಲನೆಯದು ತ್ಯಾಂಪಣ್ಣನಿಗೆ ಮರೆತೇಹೋಯಿತು. ಒದ್ದೆ ಹಾಳೆಯ ಮೇಲೆಯೇ ಹಾಲು ಬಳಿದ, ಕಾರ್ಪೆಟ್ಟು ಒತ್ತಿದ. ಮಾಡಿನದ್ದು ಬೀಳದ ಹಾಗೆ ಅಡಿಕೆಮರದ ಸೀಳು ಕೋಲು, ಸಲಕೆಗಳನ್ನು, ಊರುಗೋಲು ಕೊಟ್ಟು ನಿಲ್ಲಿಸಿದ. ಪಾಯಸದ ಕಲೆ ಸರಿಯಾಗಿ ತಲೆದಿಂಬಿನ ಮೇಲ್ಭಾಗಕ್ಕೆ ಬಂದಿತ್ತು.

"ಇದೆಂತ, ಮಲಗಿದವಳು ಇದನ್ನೇ ನೋಡ್ಬೇಕಾ?" ಎಂದಳು ದಮಯಂತಿ.

"ಅದು ಭೂಪಟ. ಕೆಳಗೆ ಚೂಪಾಗಿ ಉಂಟಲ್ಲ, ಅದೇ ಕನ್ಯಾಕುಮಾರಿ" ಎಂದ ತ್ಯಾಂಪಣ್ಣ. ಅವನು ಹೇಳಿದ ಮೇಲೆ ಹಾಗೆಯೇ ಕಾಣಿಸಿತು ಎಂಬುದನ್ನು ದಮಯಂತಿ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಹೀಗೆ ಕೆಲಸ ಮುಗಿದ ಶನಿವಾರ ಸಂಜೆ ಪಕ್ಕದ ಮನೆಯ ಕಿಟ್ಟಣ್ಣ ಬಂದ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡ ಮನುಷ್ಯ. ಮನೆಯಲ್ಲಿ ಎಂಬತ್ತು ದಾಟಿದ ತಂದೆ ಐತಪ್ಪಜ್ಜ, ತಲೆಯಲ್ಲಿ ದಟ್ಟ ಗುಂಗುರು ಕೂದಲು, ಮೂಗಿನ ಕೆಳಗೆ ಊರಿಗೇ ಹೆಸರಾದ ಮೀಸೆ. ಈ ಮೂರೂ ಅವನ ಆಸ್ತಿ.

"ಎಂತ ಮಾರಾಯ, ವ್ಯಾನಿಗೆ ಕಂಬಳಿ ಹೊದೆಸಿದ್ದು? ಅದಕ್ಕೆ ಚಳಿಯಾ?"

ತ್ಯಾಂಪಣ್ಣನಿಗೆ ಬೇಕಾದದ್ದೇ ಒಬ್ಬ ಪ್ರೇಕ್ಷಕ. "ಹೊರಗೆ ನಿಂತು ಮಾತಾಡ್ಬೇಡ. ಚಪ್ಪಲಿ ಬಿಟ್ಟು ಒಳಗೆ ಬಾ. ಮಲಗಿ ನೋಡು. ಮತ್ತೆ ಹೇಳು."

ಕಿಟ್ಟಣ್ಣ ಮಲಗಿದ. ತ್ಯಾಂಪಣ್ಣ ಹೊರಗಿನಿಂದ ಬಾಗಿಲು ಹಾಕಿ, "ಎಂತಾದ್ರೂ ಕೇಳ್ತದಾ?" ಎಂದು ಕೂಗಿದ. ಉತ್ತರ ಬರಲಿಲ್ಲ. ತ್ಯಾಂಪಣ್ಣನ ಎದೆ ಉಬ್ಬಿತು. ಇನ್ನೊಮ್ಮೆ ಕೂಗಿದ. ಉತ್ತರವಿಲ್ಲ. "ಕೇಳುದೇ ಇಲ್ಲ!" ಎಂದು ಅಂಗಳದಲ್ಲಿ ನಿಂತಿದ್ದ ದಮಯಂತಿಗೆ ಘೋಷಿಸಿದ.

ಕೇಳದೆ ಇದ್ದದ್ದು ನಿಜ. ಆದರೆ ಒಳಗೆ ಕಿಟ್ಟಣ್ಣ ಸುಖವಾಗಿ ಕಾಲು ಚಾಚಿ, ಒಂದು ಸಲಕೆಗೆ ಒದ್ದು, ಮಾಡಿನ ಇಡೀ ಕಾರ್ಪೆಟ್ಟು ಹಾಳೆ ಸಮೇತ ತಲೆಯ ಮೇಲೆ ಬಿದ್ದು, ಬಾಯಿ ತೆರೆಯಲಾಗದೆ ಒದ್ದಾಡುತ್ತಿದ್ದ.

ಬಾಗಿಲು ತೆಗೆದು ಎಳೆದು ಹಾಕಿದಾಗ ಮೊದಲು ಹೊರಗೆ ಬಂದದ್ದು ಕಾರ್ಪೆಟ್ಟು. ಕಿಟ್ಟಣ್ಣ ಅದರ ತುದಿಗೆ ಅಂಟಿಕೊಂಡು ಬಂದ.

ತೆಂಗಿನೆಣ್ಣೆ ಹಚ್ಚಿದರು. ಸೀಮೆಎಣ್ಣೆ ಹಚ್ಚಿದರು. ಬೇಲಿಯಾಚೆಯ ಕದೀಜಮ್ಮ ಬಂದು, "ಗಂಜಿ ಹಾಕಿ ನೋಡುವನಾ?" ಎಂದಳು. ಗಂಜಿಯನ್ನೂ ಹಾಕಿದರು. ರಬ್ಬರ್ ಹಾಲು ಯಾವುದಕ್ಕೂ ಜಗ್ಗಲಿಲ್ಲ.

"ನೋಡು ಹೇಗೆ ಹಿಡಿದದೆ!" ಎಂದು ತ್ಯಾಂಪಣ್ಣ ಬಾಯಿತಪ್ಪಿ ಹೆಮ್ಮೆಪಟ್ಟ.

"ನಿನ್ನ ಮಾಡಿಗೆ ಹಿಡಿಯದೆ ನನ್ನ ತಲೆಗೆ ಹಿಡಿದದ್ದು!" ಎಂದು ಕಿಟ್ಟಣ್ಣ ಅತ್ತ.

ಮರುದಿನ ಕ್ಷೌರಿಕನಿಗೆ ಬೇರೆ ದಾರಿ ಇರಲಿಲ್ಲ. ತಲೆ ಬೋಳಾಯಿತು, ಮೀಸೆಯೂ ಹೋಯಿತು.

ತಲೆ ಬೋಳಿಸಿದವನು ಕೆಲವು ದಿನ ಮನೆಯಲ್ಲಿ ಕೂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸೋಮವಾರ ಪುತ್ತೂರಿನ ಸಂತೆ. ಅಂಗಡಿಯವನಿಗೆ ಸಂತೆ ತಪ್ಪಿಸಲಾಗುತ್ತದೆಯೇ? ಕಿಟ್ಟಣ್ಣ ಎಂದಿನ ಹಾಗೆ ಅಕ್ಕಿ, ಬೆಲ್ಲ, ಉದ್ದು, ತೆಂಗಿನಕಾಯಿ, ಎರಡು ಕಟ್ಟು ಬಾಳೆಲೆ ತೆಗೆದು ಬಸ್ ಸ್ಟ್ಯಾಂಡಿನಲ್ಲಿ ಮೂಟೆಯ ಮೇಲೆ ಕೂತ. ನಮ್ಮ ಕಡೆಯಲ್ಲಿ ತಲೆಮೀಸೆ ಬೋಳಿಸಿಕೊಂಡ ಮಗನೊಬ್ಬ ಇಷ್ಟು ಸಾಮಾನಿನ ಜೊತೆ ಮಂಕಾಗಿ ಕೂತಿದ್ದರೆ ಅದಕ್ಕೆ ಅರ್ಥ ಒಂದೇ: ತಂದೆ ಹೋಗಿದ್ದಾರೆ, ಹದಿಮೂರರ ಬೊಜ್ಜದ ಊಟಕ್ಕೆ ಜೀನಸು ತೆಗೆದದ್ದು.

ಸುಳ್ಯದ ಬಸ್ಸಿನ ಕಿಟಕಿಯಿಂದ ಅವನ ದೂರದ ಸಂಬಂಧಿಯೊಬ್ಬ ನೋಡಿದ. "ಅಯ್ಯೋ ಕಿಟ್ಟಣ್ಣ! ಹೇಗಾಯ್ತು?"

ಕೂದಲಿನ ದುಃಖದಲ್ಲಿದ್ದ ಕಿಟ್ಟಣ್ಣ, "ಎಂತ ಹೇಳುದು ಮಾರಾಯ. ಎಲ್ಲ ಆ ತ್ಯಾಂಪಣ್ಣನ ವ್ಯಾನಿನಲ್ಲೇ ಆದದ್ದು" ಎಂದ. ಬಸ್ಸು ಹೊರಟಿತು. ಸುದ್ದಿಯೂ ಅದರಲ್ಲಿಯೇ ಹೊರಟಿತು. ಬಸ್ಸಿಗಾದರೂ ಸ್ಟಾಪುಗಳಿವೆ.

ಇತ್ತ ತ್ಯಾಂಪಣ್ಣ ಹಾಳೆಗಳನ್ನು ಬಿಸಿಲಿಗೆ ಒಣಗಿಸಿ ಮಾಡನ್ನು ಮತ್ತೆ ಅಂಟಿಸಿದ್ದ. ಈ ಸಲ ಅದು ಕಲ್ಲಿನ ಹಾಗೆ ಕೂತಿತು. ಆದರೆ ಗೋಡೆಗಳಲ್ಲಿ ಒದ್ದೆಹಾಳೆಯ ಹಿಂದೆ ಸಿಕ್ಕಿಬಿದ್ದ ರಬ್ಬರ್ ಹಾಲು ಹುಳಿಯಿತು, ಕೊಳೆಯಿತು, ಊರಿಗೆಲ್ಲ ಹರಡುವ ನಾತ ಬಿಟ್ಟಿತು. ರಬ್ಬರಿನವರಿಗೆ ಆ ನಾತ ಪರಿಚಿತ. ಈಶ್ವರಮಂಗಲದ ನಮ್ಮ ಮೂಲೆಯವರಿಗೆ ಮಾತ್ರ ಹೊಸತು.

"ದಮಯಂತಿಯಕ್ಕ, ನಿಮ್ಮ ಅಂಗಳದಲ್ಲಿ ಎಂತ ಸತ್ತದ್ದು?" ಎಂದು ಕದೀಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು.

"ಸತ್ತದ್ದಲ್ಲ ಕದೀಜಮ್ಮ, ಒಣಗುದು. ಶುಕ್ರವಾರ ಹೊರಡುದು ಅಂತ ಇವರು ಹೇಳಿದ್ದಾರೆ. ಅಷ್ಟರಲ್ಲಿ ಒಣಗ್ಬೇಕು. ಇಲ್ಲದಿದ್ರೆ ನಾನು ಅಂಗಳ ದಾಟುವ ಮೊದಲೇ ವಾಂತಿ" ಎಂದಳು ದಮಯಂತಿ. ಇಪ್ಪತ್ತೆರಡು ವರ್ಷ ಮಡಚಿಟ್ಟ ಆಸೆಯನ್ನು ಅವಳು ಆಗಲೇ ಬಿಚ್ಚಿಯಾಗಿತ್ತು. ಎರಡು ಸೀರೆ ಇಸ್ತ್ರಿಯಾಗಿ ಕೂತಿದ್ದವು.

ಬುಧವಾರ ಬೆಳಿಗ್ಗೆ ಮೊದಲ ಜೀಪು ಬಂತು. ಮರ್ಕಂಜದಿಂದ ಐತಪ್ಪಜ್ಜನ ತಂಗಿ ವಾರಿಜಾಕ್ಷಿ. ಅವಳು ಕಿಟ್ಟಣ್ಣನ ಮನೆಯ ದಣಪೆ ದಾಟುವಾಗಲೇ "ಅಣ್ಣಾ!" ಎಂದು ರಾಗ ತೆಗೆದು, ಸೆರಗು ಮುಖಕ್ಕೆ ಒತ್ತಿಕೊಂಡು, ಜಗಲಿಯ ಕಂಬವನ್ನು ತಬ್ಬಿ ಕುಸಿದಳು. ಕಂಬದ ಆಚೆ ಬದಿಯಲ್ಲಿ ಐತಪ್ಪಜ್ಜ ವೀಳ್ಯ ಜಜ್ಜುತ್ತಾ ಕೂತಿದ್ದರು.

ತಂಗಿ ಅಳುವುದನ್ನು ಕಂಡು ಅಜ್ಜನ ಕೈ ನಿಂತಿತು. ಯಾರೋ ಹೋಗಿದ್ದಾರೆ, ಮನೆಯವರು ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಅವರೂ ಅಳತೊಡಗಿದರು. ಅಣ್ಣ ತಂಗಿ ಕಂಬದ ಆಚೀಚೆ ಕೂತು ಒಳ್ಳೆಯ ತಾಳಮೇಳದಲ್ಲಿ ಅತ್ತರು.

"ಎಷ್ಟು ಒಳ್ಳೆಯ ಜನ!" ಎಂದಳು ವಾರಿಜಾಕ್ಷಿ ಸೆರಗಿನೊಳಗಿನಿಂದ.

"ಹೌದು, ಹೌದು" ಎಂದರು ಅಜ್ಜ, ಕಣ್ಣೊರೆಸುತ್ತಾ. "ಅಲ್ಲ ವಾರಿಜ, ಹೋದದ್ದು ಯಾರು?"

"ನೀನೇ ಅಲ್ವಾ ಅಣ್ಣ!" ಎಂದವಳು ಸೆರಗು ತೆಗೆದು ನೋಡಿ, ಈ ಸಲ ನಿಜವಾಗಿ ಕಿರುಚಿದಳು.

ಐತಪ್ಪಜ್ಜನಿಗೆ ಸಿಟ್ಟು ಬಂತು. ಸತ್ತ ಸುದ್ದಿಗಲ್ಲ. "ನಾನು ಹೋದದ್ದು ಶನಿವಾರ ಅಂತ ಇಟ್ಟುಕೊಂಡ್ರೂ ನೀನು ಬುಧವಾರ ಬರುದಾ?"

ವಾರಿಜಾಕ್ಷಿಯನ್ನು ಸಮಾಧಾನ ಮಾಡುವುದರೊಳಗೆ ಸುಳ್ಯದವರ ಕಾರು ಬಂತು. ಪಂಜದವರು ಹಣ್ಣಿನ ಗೊನೆ ತಂದರು. ಬಂದವರೆಲ್ಲ ಮೊದಲು ಅಳುವುದು, ಆಮೇಲೆ ಅಜ್ಜನನ್ನು ಕಾಣುವುದು, ಆಮೇಲೆ ಕಿಟ್ಟಣ್ಣನ ತಲೆ ನೋಡಿ, "ತಂದೆ ಬದುಕಿರುವಾಗ ಎಂತ ಅವಸರ ನಿನಗೆ?" ಎಂದು ಬಯ್ಯುವುದು. ಕಿಟ್ಟಣ್ಣ ಒಳಕೋಣೆ ಸೇರಿ ಚಿಲಕ ಹಾಕಿಕೊಂಡ.

ಮಧ್ಯಾಹ್ನ ಪೊಲೀಸ್ ಮಾಯಿಲಪ್ಪ ಸೈಕಲಿನಲ್ಲಿ ಬಂದು ತ್ಯಾಂಪಣ್ಣನ ಅಂಗಳದಲ್ಲಿ ಇಳಿದ. "ಮುದುಕರೊಬ್ಬರು ನಿಮ್ಮ ವ್ಯಾನಿನಲ್ಲಿ ತೀರಿಕೊಂಡರು, ಮುಚ್ಚಿಟ್ಟಿದ್ದೀರಿ ಅಂತ ಸುದ್ದಿ ಬಂದದೆ." ಹೇಳುತ್ತಿದ್ದ ಹಾಗೆ ಗಾಳಿ ಈ ಕಡೆ ತಿರುಗಿತು. ಮಾಯಿಲಪ್ಪ ಕರವಸ್ತ್ರ ತೆಗೆದ. "ಬಾಗಿಲು ತೆಗೀರಿ!"

"ತೆಗೆಯುವ. ಬೂಟು ಕಳಚಿ" ಎಂದ ತ್ಯಾಂಪಣ್ಣ.

"ಎಂತ?"

"ಒಳಗೆ ಕಾರ್ಪೆಟ್ಟು ಉಂಟು. ಬೂಟು ಹಾಕಿ ಹತ್ತಲಿಕ್ಕೆ ನಾನು ನನ್ನ ಭಾವನನ್ನೂ ಬಿಡುದಿಲ್ಲ."

ಸರಕಾರ ಬೂಟು ಕಳಚಿತು. ಮಾಯಿಲಪ್ಪ ಒಳಗೆ ಹೋಗಿ ಹಾಸಿಗೆ ಎತ್ತಿ ನೋಡಿದ, ಗೋಡೆ ತಟ್ಟಿ ನೋಡಿದ. ತಟ್ಟಿದ ಸದ್ದೂ ಕೇಳಲಿಲ್ಲ. ತ್ಯಾಂಪಣ್ಣ ಈ ಅವಕಾಶ ಬಿಡದೆ ಹೊರಗಿನಿಂದ ಬಾಗಿಲು ಎಳೆದುಕೊಂಡ. ಬಹಳ ಹೊತ್ತಿನ ನಂತರ ಬಾಗಿಲು ತೆರೆದಾಗ ಮಾಯಿಲಪ್ಪ ಬುದ್ಧನ ಹಾಗೆ ಪದ್ಮಾಸನದಲ್ಲಿ ಕೂತಿದ್ದ.

"ಪಕ್ಕದ ಮನೆಯಲ್ಲಿ ಅಷ್ಟು ಜನ ಅಳ್ತಾ ಇದ್ದಾರೆ. ಒಳಗೆ ಒಂದು ಸ್ವರ ಇಲ್ಲ ಮಾರಾಯ್ರೆ! ನಾತ ಒಂದು ಇಲ್ಲದಿದ್ರೆ ನಮ್ಮ ಸ್ಟೇಷನ್ನಿಗೂ ಹೀಗೇ ಮಾಡಿಸ್ಬಹುದಿತ್ತು."

ತ್ಯಾಂಪಣ್ಣನಿಗೆ ಮುಂದಿನ ಪ್ರಶ್ನೆ ಯಾವುದೂ ಕೇಳಿಸಲಿಲ್ಲ. ಇಲಾಖೆಯೇ ಮೆಚ್ಚಿದ ಮೇಲೆ ಕೇಳಿಸಿಕೊಳ್ಳುವುದು ಏನಿರುತ್ತದೆ?

ಆದರೆ ಸಂಜೆಯ ಬಸ್ಸಿಗೆ ಕಡಬದಿಂದ ಸರ್ವೋತ್ತಮ ಬಂದ. ಅಜ್ಜ ಬದುಕಿದ್ದಾರೆ ಎಂದು ತಿಳಿದು ಸಮಾಧಾನಪಟ್ಟವನು, ವ್ಯಾನನ್ನು ನೋಡಿ ಗಂಭೀರನಾದ.

"ಭಾವ, ತಮಾಷೆ ಬೇಡ. ಮೂರು ಊರಿನ ಬಾಯಲ್ಲಿ ಇದು ಹೆಣದ ಗಾಡಿ ಆಯ್ತು. ಸಾವು ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ, ಮಾತು ಆಯ್ತಲ್ಲ? ಇದರಲ್ಲಿ ನನ್ನ ತಂಗಿಯನ್ನು ಯಾತ್ರೆಗೆ ಕಳಿಸುದಿಲ್ಲ."

ತ್ಯಾಂಪಣ್ಣ ದಮಯಂತಿಯ ಮುಖ ನೋಡಿದ. ಅವಳು ಒಳಗೆ ಹೋಗಿ, ಇಸ್ತ್ರಿ ಮಾಡಿದ ಸೀರೆಗಳನ್ನು ಪುನಃ ಪೆಟ್ಟಿಗೆಯಲ್ಲಿ ಇಟ್ಟಳು. ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಜಗಲಿಗೆ ಕೇಳಿಸಿತು. ಆ ಒಂದು ಸದ್ದಿಗೆ ಯಾವ ಕಾರ್ಪೆಟ್ಟೂ ಸಾಲುತ್ತಿರಲಿಲ್ಲ.

ಆಗ ಬೇಲಿಯ ತಡಮೆ ದಾಟಿ ಐತಪ್ಪಜ್ಜ ಬಂದರು. ಹೆಗಲ ಮೇಲೆ ಮಡಿ ಶಾಲು, ಕೈಯಲ್ಲಿ ಬೆತ್ತ.

"ತ್ಯಾಂಪ, ವ್ಯಾನು ತೆಗೆ. ಬರುವವರೆಲ್ಲ ಇಲ್ಲಿಗೇ ಬಂದು ಅಳುದು ಬೇಡ. ಎಷ್ಟು ಜನಕ್ಕೆ ಊಟ ಹಾಕುದು? ನಾನೇ ಹೋಗಿ ಎಲ್ಲರಿಗೂ ಮುಖ ತೋರಿಸಿ ಬರ್ತೇನೆ."

"ಅಜ್ಜ, ಇದರಲ್ಲಿಯಾ?" ಎಂದ ಸರ್ವೋತ್ತಮ.

"ಮತ್ತೆ? ಎಲ್ಲಿ ಸತ್ತೆ ಅಂತ ಹೇಳಿದ್ರೋ ಅದರಲ್ಲೇ ಬದುಕಿ ತೋರಿಸ್ಬೇಕಲ್ಲ. ನಾನು ಕೂತ ಮೇಲೂ ಇದು ಹೆಣದ ಗಾಡಿ ಅಂತ ಹೇಳುವವರು ನನ್ನ ಮುಂದೆ ಹೇಳ್ಲಿ."

ಮರುದಿನ ಬೆಳಿಗ್ಗೆ ಮೆರವಣಿಗೆ ಹೊರಟಿತು. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಹಾಸಿಗೆಯಲ್ಲಿ ಐತಪ್ಪಜ್ಜ, ಅವರ ಕಾಲಬುಡದಲ್ಲಿ ಮರ್ಕಂಜದಲ್ಲಿ ಇಳಿಯಬೇಕಾದ ವಾರಿಜಾಕ್ಷಿ, ಮೂಲೆಯಲ್ಲಿ ಸಾಕ್ಷಿಗೆಂದು ಮುಟ್ಟಾಳೆ ಕವುಚಿಕೊಂಡ ಕಿಟ್ಟಣ್ಣ. ಅಜ್ಜನಿಗೆ ಹೊತ್ತುಹೊತ್ತಿಗೆ ಕಷಾಯ ಕೊಡಲು ದಮಯಂತಿಯೂ ಹೊರಡಬೇಕಾಯಿತು. ಅವಳು ನಿಂಬೆಹಣ್ಣು, ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಬಂದರೆ ಹಿಂದೆ ಇನ್ನು ಒಬ್ಬರಿಗೆ ಮಾತ್ರ ಜಾಗ. ಸರ್ವೋತ್ತಮ ಮುಂದಿನ ಬಾಗಿಲಿಗೆ ಕೈ ಹಾಕಿದ್ದ.

"ಸರ್ವೋತ್ತಮ, ನೀನು ಹಿಂದೆ ಬಾ. ಸುಳ್ಯದವರ ಹತ್ತಿರ ನನಗೆ ಜಗಳ ಉಂಟು, ಎಂತ ಮಾತಾಡ್ಬೇಕು ಅಂತ ಯೋಚನೆ ಮಾಡುವ" ಎಂದು ಅಜ್ಜ ಕರೆದರು. ಸತ್ತು ಬದುಕಿದವರ ಮಾತು ಮೀರುವವರು ಯಾರು? ಸರ್ವೋತ್ತಮ ಹಿಂದೆ ಹತ್ತಿದ. ದಮಯಂತಿ ಜೀವಮಾನದಲ್ಲಿ ಮೊದಲ ಬಾರಿಗೆ ಮುಂದಿನ ಸೀಟಿನಲ್ಲಿ ಕೂತಳು.

ಪುತ್ತೂರು ಪೇಟೆಯಲ್ಲಿ ಅಜ್ಜ ಕಿಟಕಿಯಿಂದ ಬೆತ್ತ ಆಡಿಸಿದರು. ಸುಳ್ಯದಲ್ಲಿ ಇಳಿದು ಜಗಳ ಮಾಡಿದರು. ಮರ್ಕಂಜದಲ್ಲಿ ತಂಗಿಯನ್ನು ಇಳಿಸಿ, ನೆರೆಕರೆಯವರು ಕಟ್ಟಿಕೊಂಡು ಬಂದಿದ್ದ ದುಃಖವನ್ನು ವಾಪಸು ಕಳುಹಿಸಿದರು. "ಒಳಗೆ ಒಳ್ಳೆ ಅರಮನೆ ಹಾಗೆ ಉಂಟು. ಈ ತ್ಯಾಂಪನೇ ಮಾಡಿದ್ದು, ಅವನ ಕೈಯಲ್ಲೇ. ಬಂದು ನೋಡಿ" ಎಂದು ಎಲ್ಲ ಕಡೆ ಕರೆದರು. ಜನ ಸಾಲುಗಟ್ಟಿ ಚಪ್ಪಲಿ ಕಳಚಿ ಒಳಗೆ ಇಣುಕಿದರು. ತ್ಯಾಂಪಣ್ಣ ಬಾಗಿಲಲ್ಲಿ ನಿಂತು, ಹಾಳೆ ಹೇಗೆ ಬಗ್ಗುತ್ತದೆ, ಹಾಲು ಹೇಗೆ ಹಿಡಿಯುತ್ತದೆ ಎಂದು ವಿವರಿಸಿದ. ಎಲ್ಲಿ ಬಳಿಯಬಾರದು ಎಂಬುದನ್ನು ವಿವರಿಸಲು ಕಿಟ್ಟಣ್ಣನ ಮುಟ್ಟಾಳೆ ಎತ್ತಿ ತೋರಿಸಿದ.

ಮರ್ಕಂಜ ದಾಟಿ, ಪಂಜದ ತಿರುವುಗಳು ಬಂದವು. ಅರವತ್ತೊಂದರ ಆ ಚರಂಡಿಯ ಹತ್ತಿರ ತ್ಯಾಂಪಣ್ಣ ಉಸಿರು ಬಿಗಿಹಿಡಿದ. ಪಕ್ಕಕ್ಕೆ ನೋಡಲು ಧೈರ್ಯ ಬರಲಿಲ್ಲ.

"ನಿಲ್ಲಿಸಿ! ಭಾವ, ನಿಲ್ಲಿಸಿ!"

ಕೂಗಿದ್ದು ಹಿಂದಿನಿಂದ. ತ್ಯಾಂಪಣ್ಣನಿಗೆ ಮೊದಲ ಕೂಗು ಕೇಳಿಸಲಿಲ್ಲ; ಕಾರ್ಪೆಟ್ಟು ಅಷ್ಟು ಒಳ್ಳೆಯದಿತ್ತು. ಎರಡನೆಯದನ್ನು ಕೇಳಿಸಿಕೊಂಡು ಅವನು ತಿರುಗುವಷ್ಟರಲ್ಲಿ ರಬ್ಬರ್ ತೋಟದ ಧಣಿ ಸರ್ವೋತ್ತಮ, ತನ್ನದೇ ತೋಟದ ಹಾಲಿನ ನಾತದ ನಡುವೆ, ಬೆಳಗ್ಗಿನ ಇಡ್ಲಿಯನ್ನು ಕೆಂಪು ಕಾರ್ಪೆಟ್ಟಿಗೆ ಒಪ್ಪಿಸಿ ಆಗಿತ್ತು.

ತ್ಯಾಂಪಣ್ಣ ವ್ಯಾನು ನಿಲ್ಲಿಸಿ ಇಳಿದ. ಅಂಗೈಯಲ್ಲಿ ಸವರಿ ಸವರಿ ಕೂರಿಸಿದ ಕಾರ್ಪೆಟ್ಟು ಅದು. ಬಯ್ಯಲು ಬಾಯಿ ತೆರೆದವನು, ದಮಯಂತಿ ಇಳಿದು ಬರುವುದನ್ನು ನೋಡಿದ. ಅವಳು ಚೆಂಬಿನಲ್ಲಿ ನೀರು ತಂದು ಅಣ್ಣನ ಕೈಗೆ ಕೊಟ್ಟಳು. ತನಗೆಂದು ತಂದಿದ್ದ ನಿಂಬೆಹಣ್ಣನ್ನೂ ಕೊಟ್ಟಳು. ಅವಳ ಮುಖ ತೊಳೆದಿಟ್ಟ ಪಾತ್ರೆಯ ಹಾಗೆ ಫಳಫಳ ಇತ್ತು.

"ನಿನಗೆ?" ಎಂದ ತ್ಯಾಂಪಣ್ಣ.

"ನನಗೆಂತ? ಹಸಿವಾಗ್ತದೆ" ಎಂದಳು ದಮಯಂತಿ.

ತ್ಯಾಂಪಣ್ಣ ಎರಡೂ ಕೈ ಸೊಂಟಕ್ಕೆ ಕೊಟ್ಟು, ಚರಂಡಿಯ ಬದಿ ಕೂತಿದ್ದ ಭಾವನನ್ನು ನೋಡಿ, ಬೆಳಗ್ಗಿನಿಂದ, ಅಲ್ಲ, ಇಪ್ಪತ್ತೆರಡು ವರ್ಷದಿಂದ ತಡೆದಿಟ್ಟ ಪ್ರಶ್ನೆ ಕೇಳಿದ: "ಭಾವ, ಕನ್ಯಾಕುಮಾರಿಗೆ ಬರ್ತೀರಾ?"

ಸರ್ವೋತ್ತಮ ಕೈ ಮುಗಿದ.

ಜನವರಿಯಲ್ಲಿ ನಾತ ಪೂರ್ತಿ ಇಳಿದ ಮೇಲೆ ವ್ಯಾನು ಹೊರಟಿತು. ಹಿಂದಿನ ಹಾಸಿಗೆಯಲ್ಲಿ ಮಲಗಿ ಕನ್ಯಾಕುಮಾರಿಯವರೆಗೆ ಹೋದದ್ದು ಐತಪ್ಪಜ್ಜ. ಒಮ್ಮೆ ಸತ್ತವನು ಸಮುದ್ರ ನೋಡದೆ ಎರಡನೇ ಸಲ ಸಾಯುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು. ದಮಯಂತಿ ದಾರಿಯುದ್ದಕ್ಕೂ ಮುಂದೆ ಕೂತು, ಊರುಗಳ ಬೋರ್ಡು ಓದುತ್ತಾ, ಎಲ್ಲ ಕಡೆ ದೋಸೆ ತಿನ್ನುತ್ತಾ ಹೋದಳು.

ವಾಪಸು ಬಂದ ದಿನ ಕದೀಜಮ್ಮ ಬೇಲಿಯ ಹತ್ತಿರ ಕೇಳಿದಳು: "ಅಕ್ಕ, ಕಾರ್ಪೆಟ್ಟಿನಿಂದಲೇ ಸರಿಯಾದದ್ದು ಅಂತ ನಿಮ್ಮ ಯಜಮಾನ್ರು ಪೇಟೆಯಲ್ಲಿ ಹೇಳ್ತಾ ಇದ್ದಾರಂತೆ. ಹೌದಾ?"

ದಮಯಂತಿ ಅಂಗಳದ ಕಡೆ ನೋಡಿದಳು. ತ್ಯಾಂಪಣ್ಣ ವ್ಯಾನಿನೊಳಗೆ ಮೊಣಕಾಲೂರಿ, ಒದ್ದೆ ಬಟ್ಟೆಯಲ್ಲಿ ಕಾರ್ಪೆಟ್ಟಿನ ಒಂದೊಂದು ಮೂಲೆಯನ್ನೂ ಒರೆಸುತ್ತಿದ್ದ.

"ಕಾರ್ಪೆಟ್ಟು ಭಾರೀ ಒಳ್ಳೇದುಂಟು ಕದೀಜಮ್ಮ" ಎಂದಳು. "ಇವರ ಕೈಕೆಲಸ. ಇಡೀ ತಾಲೂಕಿನಲ್ಲಿ ಇಂಥದ್ದು ಇನ್ನೊಂದಿಲ್ಲ." ಮತ್ತೆ ಸ್ವರ ತಗ್ಗಿಸಿ, "ನಾನು ಅದರ ಮೇಲೆ ಒಮ್ಮೆಯೂ ಮಲಗಲಿಲ್ಲ, ಅಷ್ಟೆ. ಮುಂದಿನ ಸೀಟು ಇನ್ನು ಯಾರಿಗೂ ಬಿಟ್ಟುಕೊಡುದಿಲ್ಲ" ಎಂದಳು.

ಅರವತ್ತೊಂದರಲ್ಲಿ ಕೊಟ್ಟ ಮಾತು ಎಂಬತ್ತನಾಲ್ಕರಲ್ಲಿ ನಡೆಯಿತು. ಸೂರ್ಯ ಸಮುದ್ರದಿಂದ ಮೇಲೆ ಬಂದದ್ದನ್ನು ದಮಯಂತಿ ನೋಡಿದಳು. ಹೋಗುವಾಗಲೂ ಬರುವಾಗಲೂ ಅವಳಿಗೆ ವಾಂತಿ ಆಗಲಿಲ್ಲ.